ಕಲ್ಲಿಗಿಂತ ಮೆದುವಾದ ಗಾರೆ

ಮೇ ತಿಂಗಳು ಮುಗಿಯುತ್ತ ಬಂದಂತೆ ಮುಂಬೈ, ಠಾಣೆ, ಪುಣೆಗಳ ಹಳೆಯ ಕಟ್ಟಡಗಳ ತಾರಸಿಯ ಮೇಲೆ ಒಂದೇ ಬಗೆಯ ಕೆಲಸ ನಡೆಯುತ್ತದೆ. ಗಾರೆ ಕೆಲಸದವನು ಮೊಣಕಾಲೂರಿ ಕುಳಿತಿರುತ್ತಾನೆ. ಪಕ್ಕದಲ್ಲಿ ಬಾಂಡಲಿ, ಅದರಲ್ಲಿ ಕಲಸಿದ ಬಿಳಿ ಸಿಮೆಂಟು. ಎದುರಿಗೆ ಹರಡಿಕೊಂಡಿರುವುದು ಒಡೆದ ಟೈಲ್ಸ್ ಚೂರುಗಳ ನೆಲ, ಆ ಕಡೆಯವರು ‘ಚೈನಾ ಮೊಸಾಯಿಕ್’ ಎನ್ನುವ ಹೊದಿಕೆ. ಅವನು ಚೂರುಗಳನ್ನು ಮುಟ್ಟುವುದಿಲ್ಲ. ಚೂರುಗಳ ನಡುವಿನ ಸಂದುಗಳಲ್ಲಿ ಎಲ್ಲಿ ಬಿರುಕಿದೆ, ಎಲ್ಲಿ ಪುಡಿಯಾಗಿದೆ ಎಂದು ನೋಡುತ್ತ, ಸಡಿಲವಾದದ್ದನ್ನು ಕೆರೆದು ತೆಗೆದು, ಹೊಸ ಸಿಮೆಂಟನ್ನು ಒತ್ತಿ ತುಂಬಿ, ಗೋಣಿಚೀಲದ ತುಂಡಿನಿಂದ ಒರೆಸುತ್ತ ಹಿಂದಕ್ಕೆ ಸರಿಯುತ್ತಾನೆ. ಜೂನ್‌ನಲ್ಲಿ ಮಳೆ ಹಿಡಿದಾಗ ಕೆಳಗಿನ ಮನೆಯ ಚಾವಣಿ ಸೋರುತ್ತದೋ ಇಲ್ಲವೋ ಎಂಬುದು ಚೂರುಗಳ ಗಟ್ಟಿತನಕ್ಕಿಂತ ಹೆಚ್ಚಾಗಿ ಆ ಸಂದುಗಳನ್ನು ಅವಲಂಬಿಸಿದೆ.

ಮೊಸಾಯಿಕ್‌ನ ಚರಿತ್ರೆಯನ್ನು ಸಾಮಾನ್ಯವಾಗಿ ಕಲ್ಲುಗಳ, ಬಣ್ಣದ ಗಾಜುಗಳ, ಚಿತ್ರಗಳ ಚರಿತ್ರೆಯಾಗಿ ಹೇಳಲಾಗುತ್ತದೆ. ಸಂದು ತುಂಬುವ ಗಾರೆಗೆ, ಇಂದಿನ ಮಾತಿನಲ್ಲಿ ಗ್ರೌಟ್‌ಗೆ, ಅದರಲ್ಲಿ ಸಿಗುವುದು ಅಡಿಟಿಪ್ಪಣಿಯಷ್ಟು ಜಾಗ. ಆದರೆ ಸ್ವಲ್ಪ ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. 60 ಸೆಂಟಿಮೀಟರ್ ಚೌಕದ ದೊಡ್ಡ ಟೈಲುಗಳನ್ನು 2 ಮಿಲಿಮೀಟರ್ ಸಂದು ಬಿಟ್ಟು ಹಾಸಿದರೆ ಆ ನೆಲದಲ್ಲಿ ಸಂದಿನ ಪಾಲು ಶೇಕಡ 1ಕ್ಕಿಂತಲೂ ಕಡಿಮೆ. ಅದೇ 1 ಸೆಂಟಿಮೀಟರ್ ಚೌಕದ ಕಲ್ಲುಚೂರುಗಳನ್ನು 1 ಮಿಲಿಮೀಟರ್ ಸಂದಿನಲ್ಲಿ ಕೂರಿಸಿದರೆ ಶೇಕಡ 17ರಷ್ಟು ಜಾಗ ಗಾರೆಯದು. ಸಂದು 2 ಮಿಲಿಮೀಟರ್ ಆದರೆ ಶೇಕಡ 30. ಅಂದರೆ ಮೊಸಾಯಿಕ್ ಒಂದನ್ನು ನೋಡುವವರು ಹತ್ತರಲ್ಲಿ ಮೂರು ಪಾಲು ಗಾರೆಯನ್ನೇ ನೋಡುತ್ತಿರಬಹುದು.

ಹಾಗಾದರೆ ಆ ಗಾರೆ ಎಂಥದ್ದಾಗಿರಬೇಕು? ಕಲ್ಲಿನಷ್ಟೇ ಗಟ್ಟಿಯೇ, ಕಲ್ಲಿಗಿಂತ ಗಟ್ಟಿಯೇ, ಅಥವಾ ಮೆದುವೇ? ಸುಮಾರು 2000 ವರ್ಷ ಕುಶಲಕರ್ಮಿಗಳು ಇದಕ್ಕೆ ಒಂದು ಉತ್ತರ ಕೊಟ್ಟರು. ಆಮೇಲೆ ಸುಮಾರು ನೂರು ವರ್ಷ ಎಂಜಿನಿಯರುಗಳು, ವಸ್ತುಸಂಗ್ರಹಾಲಯದವರು ಬೇರೊಂದು ಉತ್ತರವನ್ನು ನಂಬಿದರು. ಆ ನಂಬಿಕೆಗೆ ಬೆಲೆ ತೆತ್ತದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಅನೇಕ ಪ್ರಾಚೀನ ನೆಲಗಳು.

ರೋಮನ್ನರ ನೆಲ, ಮೈಸೂರಿನ ಸುರ್ಕಿ

ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದ ಏಳನೆಯ ಭಾಗವನ್ನು ನೆಲ ಹಾಕುವ ವಿಧಾನದಿಂದಲೇ ಶುರುಮಾಡುತ್ತಾನೆ. ಮೊದಲು ಮಣ್ಣನ್ನು ದಮ್ಮಸು ಮಾಡಿ ಗಟ್ಟಿಗೊಳಿಸಬೇಕು. ಅದರ ಮೇಲೆ ಮುಷ್ಟಿಗಿಂತ ಚಿಕ್ಕದಲ್ಲದ ಕಲ್ಲುಗಳ ಹಾಸು. ಅದರ ಮೇಲೆ ಮೂರು ಪಾಲು ಜಲ್ಲಿಗೆ ಒಂದು ಪಾಲು ಸುಣ್ಣ ಬೆರೆಸಿದ ಪದರ. ಅದನ್ನು ಮರದ ದಿಮ್ಮಿಯಿಂದ ಬಡಿದು ಬಡಿದು ಮುಕ್ಕಾಲು ರೋಮನ್ ಅಡಿ, ಅಂದರೆ ಸುಮಾರು 22 ಸೆಂಟಿಮೀಟರ್ ದಪ್ಪಕ್ಕೆ ತರಬೇಕು. ಅದರ ಮೇಲೆ ಹೆಂಚಿನ ಪುಡಿ ಮೂರು ಪಾಲು, ಸುಣ್ಣ ಒಂದು ಪಾಲು ಸೇರಿಸಿದ, ಆರು ಬೆರಳಿಗೆ ಕಡಿಮೆಯಿಲ್ಲದ ಪದರ. ಇಷ್ಟಾದ ಮೇಲೆ ಕಲ್ಲುಚೂರುಗಳು. ಅವನ್ನು ಕೂರಿಸಿ, ಎಲ್ಲೂ ಅಂಚು ಎದ್ದು ನಿಲ್ಲದಂತೆ ಉಜ್ಜಿ, ನಯಗೊಳಿಸಿ, ಅಮೃತಶಿಲೆಯ ಪುಡಿಯನ್ನು ಜರಡಿ ಹಿಡಿದು ಮೇಲೆ ಉದುರಿಸಿ, ಕೊನೆಗೆ ಸುಣ್ಣ-ಮರಳಿನ ತೆಳು ಲೇಪ ಹಚ್ಚಬೇಕು. ಸಂದು ತುಂಬುವ ಕೆಲಸದ ಹಳೆಯ ಬರಹಗಳಲ್ಲಿ ಇದೊಂದು.

ಬಯಲಿನ ನೆಲಕ್ಕೆ ಅವನು ಬೇರೆ ಎಚ್ಚರಿಕೆ ಹೇಳುತ್ತಾನೆ. ಚಳಿಗಾಲದ ಹಿಮ, ಮಳೆಗಳಿಗೆ ಸಿಗುವ ನೆಲದ ಅಡಿಯಲ್ಲಿ ದೊಡ್ಡ ಹೆಂಚುಗಳನ್ನು ಜೋಡಿಸಿ, ಅವುಗಳ ಅಂಚಿನ ಕಾಲುವೆಗಳಿಗೆ ಎಣ್ಣೆಯಲ್ಲಿ ನಾದಿದ ಸುಣ್ಣವನ್ನು ತುಂಬಬೇಕು. ಪ್ರತಿವರ್ಷ ಚಳಿಗಾಲಕ್ಕೆ ಮುಂಚೆ ನೆಲಕ್ಕೆ ಎಣ್ಣೆಯ ಗಷ್ಟನ್ನು ಕುಡಿಸಬೇಕು. ಹಾಗೆ ಮಾಡಿದರೆ ಹಿಮ ಒಳಗೆ ಇಳಿಯುವುದಿಲ್ಲ. ಈಗಿನ ಅಂಗಡಿಯಲ್ಲಿ ‘ಗ್ರೌಟ್ ಸೀಲರ್’ ಎಂದು ಡಬ್ಬಿಯಲ್ಲಿ ಮಾರುವ ವಸ್ತುವಿನ ಕೆಲಸವೂ ಇದೇ. ಇಲ್ಲಿ ಎಣ್ಣೆಗಿಂತ ಮುಖ್ಯವಾದದ್ದು ‘ಪ್ರತಿವರ್ಷ’ ಎಂಬ ಮಾತು. ಸಂದು ಒಮ್ಮೆ ತುಂಬಿ ಮರೆತುಬಿಡುವ ವಸ್ತುವಲ್ಲ ಎಂಬುದು ಆ ಬರಹಗಾರನಿಗೆ ಗೊತ್ತಿತ್ತು.

ಹೆಂಚಿನ ಪುಡಿ ಏಕೆ? ಬರಿಯ ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ. ಸುಣ್ಣಕಲ್ಲನ್ನು ಸುಟ್ಟು, ನೀರೆರೆದು ಅರಳಿಸಿ, ಕಲಸಿ ಹಚ್ಚಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ಗಾಳಿ ತಲುಪದ ಆಳದಲ್ಲಿ, ನೀರು ನಿಲ್ಲುವ ಜಾಗದಲ್ಲಿ ಈ ಕ್ರಿಯೆ ಸಾಗುವುದಿಲ್ಲ. ಆದರೆ ಸುಟ್ಟ ಜೇಡಿಮಣ್ಣಿನ ನುಣುಪಾದ ಪುಡಿ ಸೇರಿದರೆ ಅದರಲ್ಲಿರುವ ಸಿಲಿಕ, ಅಲ್ಯುಮಿನಗಳು ಸುಣ್ಣದೊಂದಿಗೆ ನೀರಿನಲ್ಲೇ ಕೂಡಿಕೊಂಡು ಗಟ್ಟಿಯಾಗುತ್ತವೆ. ನೇಪಲ್ಸ್ ಬಳಿಯ ಪೊಜ್ಜುವೊಲಿಯ ಜ್ವಾಲಾಮುಖಿ ಬೂದಿಗೂ ಇದೇ ಗುಣ. ರೋಮನ್ನರು ಬೂದಿ ಸಿಕ್ಕಲ್ಲಿ ಬೂದಿ, ಸಿಗದಲ್ಲಿ ಹೆಂಚಿನ ಪುಡಿ ಬಳಸಿದರು.

ಕನ್ನಡನಾಡಿನ ಹಳೆಯ ಗಾರೆಯವರಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆಗೆ ಇಲ್ಲಿ ‘ಸುರ್ಕಿ’ ಎಂಬ ಹೆಸರೇ ಇತ್ತು. ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಎಷ್ಟೋ ಕಡೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಹದ ಮಾಡುತ್ತಿದ್ದರು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿರುವುದೂ ಈ ಸುರ್ಕಿ ಗಾರೆಯೇ. ನೀರಿನೆದುರು ನಿಲ್ಲಬೇಕಾದ ಗಾರೆ ಹೇಗಿರಬೇಕೆಂಬ ಪ್ರಶ್ನೆಗೆ ಪೊಂಪೆಯವರೂ ಮಂಡ್ಯ ಸೀಮೆಯವರೂ ಒಂದೇ ಉತ್ತರಕ್ಕೆ ಬಂದಿದ್ದರು.

ಬಣ್ಣದ ಲೆಕ್ಕ

ಗಾರೆಗೆ ಇನ್ನೊಂದು ಕೆಲಸವೂ ಇದೆ, ಅದು ಕಣ್ಣಿಗೆ ಸೇರಿದ್ದು. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ನಗರ ಪೆಲ್ಲಾದಲ್ಲಿ ನೆಲಗಳನ್ನು ನದಿಯ ಬೆಣಚುಗಲ್ಲುಗಳಿಂದ ಮಾಡುತ್ತಿದ್ದರು. ದುಂಡು ಕಲ್ಲುಗಳ ನಡುವೆ ಸಂದು ದೊಡ್ಡದಾಗಿ ಉಳಿದು ಗೆರೆಗಳು ಮಸುಕಾಗುತ್ತಿದ್ದವು. ಅದಕ್ಕಾಗಿ ಮೈಯ ಅಂಚು, ಕೂದಲಿನ ಗೆರೆಗಳಿಗೆ ಸೀಸದ ಅಥವಾ ಸುಟ್ಟ ಮಣ್ಣಿನ ತೆಳು ಪಟ್ಟಿಗಳನ್ನು ನಿಲ್ಲಿಸುತ್ತಿದ್ದರು. ಕಲ್ಲನ್ನು ಚೌಕವಾಗಿ ಕತ್ತರಿಸುವುದು ರೂಢಿಗೆ ಬಂದ ಮೇಲೆ ಸಂದು ಕಿರಿದಾಯಿತು, ಚಿತ್ರ ಸೂಕ್ಷ್ಮವಾಯಿತು. ಡೆಲೋಸ್ ದ್ವೀಪದ ಶ್ರೀಮಂತರ ಮನೆಗಳ ನೆಲಗಳಲ್ಲಿ ಕೆಲಸಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಂಪು ಕಲ್ಲಿನ ನಡುವಿನ ಗಾರೆಗೆ ಕೆಂಪು, ಹಸಿರಿನ ನಡುವಿನದಕ್ಕೆ ಹಸಿರು ಎಂಬಂತೆ ಸಂದಿಗೂ ಬಣ್ಣ ಕೊಟ್ಟರು. ದೂರದಿಂದ ನೋಡಿದರೆ ಅದು ಕಲ್ಲೆಂದು ತೋರದೆ ಕುಂಚದ ಚಿತ್ರದಂತೆ ಕಾಣಬೇಕೆಂಬುದು ಅವರ ಆಸೆ.

ಬೈಜಾಂಟಿಯನ್ ಕಾಲದಲ್ಲಿ ಮೊಸಾಯಿಕ್ ನೆಲದಿಂದ ಗೋಡೆಗೆ, ಗುಮ್ಮಟಕ್ಕೆ ಏರಿತು. ಗೋಡೆಯ ಮೇಲೆ ಯಾರೂ ನಡೆಯುವುದಿಲ್ಲ, ನೀರು ನಿಲ್ಲುವುದಿಲ್ಲ. ಹೀಗಾಗಿ ಅಲ್ಲಿ ಸಂದನ್ನು ಮೇಲಿನಿಂದ ತುಂಬುವ ಅಗತ್ಯವೇ ಬೀಳಲಿಲ್ಲ. 547ರಲ್ಲಿ ಪ್ರತಿಷ್ಠಾಪನೆಗೊಂಡ ರವೆನ್ನಾದ ಸಾನ್ ವಿತಾಲೆ ಚರ್ಚಿನ ಗಾಜಿನ ಚೂರುಗಳನ್ನು ಹಸಿ ಸುಣ್ಣದ ಗಾರೆಗೆ ಒತ್ತಿ ಕೂರಿಸಲಾಗಿದೆ. ಒತ್ತಿದಾಗ ಅಡಿಯ ಗಾರೆ ಸ್ವಲ್ಪ ಮೇಲೆದ್ದು ಚೂರನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಚೂರುಗಳು ಒಂದೊಂದು ಒಂದೊಂದು ಓರೆಯಲ್ಲಿ ನಿಂತಿರುವುದರಿಂದ ದೀಪದ ಬೆಳಕು ಅವುಗಳ ಮೇಲೆ ಓಡಾಡುತ್ತದೆ. ಮೇಲಿನಿಂದ ಗಾರೆ ಸವರಿ ಒರೆಸಿದರೆ ಈ ಓರೆಯೆಲ್ಲ ಒಂದೇ ಮಟ್ಟಕ್ಕೆ ಬಂದು ಬೆಳಕು ಸತ್ತುಹೋಗುತ್ತಿತ್ತು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದಲ್ಲಿ 1931ರಿಂದ ಥಾಮಸ್ ವಿಟ್ಟೆಮೋರ್ ನೇತೃತ್ವದ ತಂಡ ಸುಣ್ಣದ ಲೇಪದಡಿ ಮುಚ್ಚಿದ್ದ ಮೊಸಾಯಿಕ್‌ಗಳನ್ನು ಬಿಡಿಸುತ್ತ ಹೋಯಿತು. ಚೂರುಗಳು ಉದುರಿಹೋದ ಕಡೆ ಹಾಸುಗಾರೆಯ ಮೇಲೆ ಬಣ್ಣದ ಚಿತ್ರವೇ ಇತ್ತು. ಹಸಿ ಗಾರೆಯ ಮೇಲೆ ಮೊದಲು ಬಣ್ಣ ಬಳಿದು, ಅದರ ಮೇಲೆ ಚೂರು ಕೂರಿಸುತ್ತಿದ್ದರು. ಕೆಲಸಗಾರನಿಗೆ ಅದು ನಕ್ಷೆ, ನೋಡುವವನಿಗೆ ಸಂದಿನೊಳಗಿಂದ ಇಣುಕುವ ಬಣ್ಣ.

ಈಗಲೂ ಮೊಸಾಯಿಕ್ ಕಲಿಯುವವರಿಗೆ ಹೇಳುವ ಮೊದಲ ಪಾಠಗಳಲ್ಲಿ ಇದು ಒಂದು: ಗಾಜಿನ ಒರಟು ಚೂರಿನ ಗೋಡೆಚಿತ್ರಕ್ಕೆ ಗ್ರೌಟ್ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು. ಬೇಕೆಂದಾದರೆ ಬಣ್ಣ ಎರಡನೆಯ ಪ್ರಶ್ನೆ. ಬಿಳಿ ಗ್ರೌಟ್ ಪ್ರತಿ ಚೂರನ್ನೂ ಬೇರೆ ಬೇರೆಯಾಗಿ ತೋರಿಸಿ ಬಣ್ಣಗಳನ್ನು ತೆಳುಗೊಳಿಸುತ್ತದೆ. ಕಡುಬೂದು ಬಣ್ಣದ್ದು ಚೂರಿನ ಬಣ್ಣವನ್ನು ಎತ್ತಿ ಹಿಡಿಯುತ್ತದೆ. ಚೂರಿಗೆ ಹತ್ತಿರದ ಬಣ್ಣದ್ದು ಸಂದನ್ನೇ ಅಡಗಿಸುತ್ತದೆ. ಡೆಲೋಸ್‌ನವರು ಆರಿಸಿದ್ದು ಕೊನೆಯದನ್ನು.

ಕಾಗದದ ಮೇಲೆ ತಲೆಕೆಳಗಾಗಿ

ಸುಣ್ಣದ ಗಾರೆಯ ದೊಡ್ಡ ತೊಡಕು ಸಮಯ. ಕೆಲಸಗಾರ ಎಷ್ಟು ಚೂರು ಕೂರಿಸಬಲ್ಲನೋ ಅಷ್ಟೇ ಗಾರೆಯನ್ನು ಆಯಾ ದಿನ ಹಚ್ಚಬೇಕು. 16ನೆಯ ಶತಮಾನದ ಕೊನೆಯ ಭಾಗದಲ್ಲಿ ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿನ ಮೊಸಾಯಿಕ್‌ಗಳಿಗೆ ಎಣ್ಣೆ ಬೆರೆತ ಅಂಟುಗಾರೆಯನ್ನು ಬಳಸಿದರು. ಅದು ನಿಧಾನವಾಗಿ ಬಿಗಿಯುತ್ತಿದ್ದುದರಿಂದ ದಿನಗಟ್ಟಲೆ ತಿದ್ದುವ ಅವಕಾಶ ಸಿಕ್ಕಿತು. ಆದರೂ ಕೆಲಸವೆಲ್ಲ ಗೋಡೆಯ ಎದುರು ಮಂಚಿಕೆಯ ಮೇಲೆಯೇ ಆಗಬೇಕಿತ್ತು.

ಇದನ್ನು ಬದಲಿಸಿದವರಲ್ಲಿ ಮುಖ್ಯನಾದವನು ಉತ್ತರ ಇಟಲಿಯ ಫ್ರಿಯುಲಿ ಪ್ರಾಂತದ ಸೆಕ್ವಾಲ್ಸ್ ಎಂಬ ಊರಿನಲ್ಲಿ 1826ರಲ್ಲಿ ಹುಟ್ಟಿದ ಜಾನ್ ದೊಮೆನಿಕೊ ಫಕ್ಕೀನಾ. ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಗಾರ್ನಿಯೆ ಕಟ್ಟುತ್ತಿದ್ದ ಒಪೆರಾ ಭವನದ ಚಾವಣಿಗೆ ಮೊಸಾಯಿಕ್ ಬೇಕಿತ್ತು. ಹಳೆಯ ರೀತಿಯಲ್ಲಿ ಮಾಡಿದರೆ ಹಣವೂ ಸಾಲದು, ಕಾಲವೂ ಸಾಲದು. ಫಕ್ಕೀನಾ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದದ ಮೇಲೆ ಬರೆಸಿ, ಚೂರುಗಳನ್ನು ಮುಖ ಕೆಳಗಾಗಿ ನೀರಿನಲ್ಲಿ ಕರಗುವ ಅಂಟಿನಿಂದ ಅದಕ್ಕೆ ಅಂಟಿಸಿದ. ಕಾರ್ಯಾಗಾರದಲ್ಲಿ ಕುಳಿತು ಮಾಡಿದ ಈ ಹಾಳೆಗಳನ್ನು ಕಟ್ಟಡಕ್ಕೆ ಸಾಗಿಸಿ, ಹಸಿ ಗಾರೆಯ ಮೇಲೆ ಒತ್ತಿ, ಬಿಗಿದ ಮೇಲೆ ಕಾಗದವನ್ನು ನೆನೆಸಿ ಕಿತ್ತರೆ ಚಿತ್ರ ಹೊರಬರುತ್ತದೆ. ಒಪೆರಾ 1875ರಲ್ಲಿ ತೆರೆಯಿತು. ಫ್ರಿಯುಲಿಯ ಕೆಲಸಗಾರರು ಯೂರೋಪ್, ಅಮೆರಿಕಗಳ ಉದ್ದಗಲಕ್ಕೂ ಹರಡಿದರು. ಅವರ ನಾಡಿನ ಸ್ಪಿಲಿಂಬೆರ್ಗೊದಲ್ಲಿ 1922ರಲ್ಲಿ ಶುರುವಾದ ಮೊಸಾಯಿಕ್ ಶಾಲೆ ಈಗಲೂ ನಡೆಯುತ್ತಿದೆ. ಇಂದು ಈಜುಕೊಳಕ್ಕೂ ಬಚ್ಚಲುಮನೆಗೂ ಬರುವ, ಕಾಗದಕ್ಕೋ ಜಾಲರಿಗೋ ಅಂಟಿಸಿದ ಗಾಜಿನ ಮೊಸಾಯಿಕ್ ಹಾಳೆಗಳ ಹಿಂದೆ ಇರುವುದು ಇದೇ ಉಪಾಯ.

ಈ ವಿಧಾನದಲ್ಲಿ ಸಂದಿನ ಗಾರೆಗೆ ಎರಡು ಸರದಿ. ಹಾಳೆಯನ್ನು ಗೋಡೆಗೆ ಒತ್ತುವ ಮುಂಚೆ ಚೂರುಗಳ ಬೆನ್ನಿಗೆ ತೆಳು ಗಾರೆ ಸವರಿ ಸಂದು ತುಂಬಿಸುವುದು ಮೊದಲನೆಯದು. ಕಾಗದ ಕಿತ್ತ ಮೇಲೆ ಮುಂದಿನಿಂದ ಉಳಿದ ತೂತುಗಳನ್ನು ಮುಚ್ಚುವುದು ಎರಡನೆಯದು. ಬೆನ್ನಿನ ಗಾರೆ ಬೇಗ ಬಿಗಿಯಬೇಕು, ಹಾಳೆಯ ಭಾರಕ್ಕೆ ಜಾರಬಾರದು, ನೂರಾರು ಹಾಳೆಗಳಿಗೆ ಒಂದೇ ಹದದಲ್ಲಿ ಬರಬೇಕು. ನಿಧಾನದ ಸುಣ್ಣಕ್ಕೆ ಇದು ಒಗ್ಗಲಿಲ್ಲ. ಅಷ್ಟರಲ್ಲಿ ಒಗ್ಗುವ ವಸ್ತುವೊಂದು ಸಿದ್ಧವಾಗಿತ್ತು.

ಸಿಮೆಂಟಿನ ಶತಮಾನ

1750ರ ದಶಕದಲ್ಲಿ ಜಾನ್ ಸ್ಮೀಟನ್ ಇಂಗ್ಲೆಂಡಿನ ತೆಂಕಣ ಕರಾವಳಿಯ ಎಡ್ಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವಾಗ, ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ಯಾವುದೆಂದು ಹುಡುಕಿದ. ಜೇಡಿ ಬೆರೆತ ಸುಣ್ಣಕಲ್ಲನ್ನು ಸುಟ್ಟರೆ ಅಂಥ ಸುಣ್ಣ ಸಿಗುತ್ತದೆಂದು ಕಂಡುಕೊಂಡ. 1824ರಲ್ಲಿ ಲೀಡ್ಸ್‌ನ ಗಾರೆಯವ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಆ ಶತಮಾನ ಮುಗಿಯುವ ಹೊತ್ತಿಗೆ ಈ ಬೂದುಪುಡಿ ಅಗ್ಗವಾಗಿ, ಒಂದೇ ಗುಣಮಟ್ಟದಲ್ಲಿ, ಎಲ್ಲೆಡೆ ಸಿಗತೊಡಗಿತು. ಭಾರತದಲ್ಲಿ 1904ರಲ್ಲಿ ಮದರಾಸಿನಲ್ಲಿ ಮೊದಲ ಪ್ರಯತ್ನ ನಡೆಯಿತು. 1914ರಲ್ಲಿ ಪೋರಬಂದರಿನ ಕಾರ್ಖಾನೆ ಉತ್ಪಾದನೆ ಶುರುಮಾಡಿತು. 1922ರಲ್ಲಿ ಮುಂಬೈಯ ಸಿಧ್ವಾ ಕುಟುಂಬದವರು ಆಮದು ಟೈಲುಗಳಿಗೆ ಸ್ವದೇಶಿ ಉತ್ತರವಾಗಿ ಸಿಮೆಂಟಿನ ಬಣ್ಣದ ಟೈಲುಗಳನ್ನು ಮಾಡುವ ಭಾರತ್ ಟೈಲ್ಸ್ ಸ್ಥಾಪಿಸಿದರು.

ಕನ್ನಡಿಗರ ಮನೆಮಾತಿನಲ್ಲಿ ‘ಮೊಸಾಯಿಕ್ ನೆಲ’ ಎಂಬುದಕ್ಕೆ ಬೇರೆ ಅರ್ಥ ಬಂದದ್ದೂ ಸಿಮೆಂಟಿನಿಂದಲೇ. 1950ರಿಂದ 80ರ ದಶಕದವರೆಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸಾವಿರಾರು ಮನೆಗಳಲ್ಲಿ ಹಾಕಿದ ಆ ನೆಲ ವೆನಿಸ್‌ನ ತೆರಾಜ್ಜೊ ಎಂಬ ಕೆಲಸದ ಸಂಬಂಧಿ. ಅಮೃತಶಿಲೆಯ ಚಿಪ್ಸನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಬಿಗಿದ ಮೇಲೆ ಯಂತ್ರದ ಸಾಣೆಕಲ್ಲಿನಿಂದ ತಿಕ್ಕುತ್ತಿದ್ದರು. ಮೊದಲ ತಿಕ್ಕಿನಲ್ಲಿ ಸಣ್ಣ ಸಣ್ಣ ತೂತುಗಳು ಬಾಯಿಬಿಡುತ್ತವೆ. ಅದೇ ಬಣ್ಣದ ಸಿಮೆಂಟ್ ಹಾಲನ್ನು ಉಜ್ಜಿ ಅವನ್ನು ತುಂಬಿ, ಕೆಲವು ದಿನ ನೀರುಣಿಸಿ, ಮತ್ತೆ ನುಣುಪು ಕಲ್ಲಿನಿಂದ ತಿಕ್ಕಬೇಕು. ಮೊಸಾಯಿಕ್ ಪಾಲಿಶ್ ಮಾಡುವಾಗ ಮನೆತುಂಬ ಹರಿಯುತ್ತಿದ್ದ ಆ ಕೆಸರುನೀರು ಈಗ ಐವತ್ತು ದಾಟಿದವರಿಗೆ ನೆನಪಿರುತ್ತದೆ. ಅಲ್ಲಿ ಸಂದು ತುಂಬುವ ಕೆಲಸವೆಂದರೆ ಆ ಸಿಮೆಂಟ್ ಹಾಲೇ.

ಹೊಸ ನೆಲಗಳಿಗೆ ಸಿಮೆಂಟ್ ಒಳ್ಳೆಯದನ್ನೇ ಮಾಡಿತು. ಕೆಡುಕಾದದ್ದು ಅದನ್ನು ಹಳೆಯ ನೆಲಗಳಿಗೆ ಹಚ್ಚಿದಾಗ.

ಗಟ್ಟಿತನದ ಕೆಡುಕು

19ನೆಯ ಶತಮಾನದಲ್ಲಿ ಅಗೆತಗಳು ಹೆಚ್ಚಿದಂತೆ ರೋಮನ್ ನೆಲಗಳನ್ನು ಕಿತ್ತು ವಸ್ತುಸಂಗ್ರಹಾಲಯಗಳಿಗೆ ಸಾಗಿಸುವುದು ರೂಢಿಯಾಯಿತು. ಮೇಲ್ಮೈಗೆ ಬಟ್ಟೆ ಅಂಟಿಸಿ, ಅಡಿಯಿಂದ ಕತ್ತರಿಸಿ ಎತ್ತಿ, ವಿಟ್ರೂವಿಯಸ್ ಅಷ್ಟು ಮುತುವರ್ಜಿಯಿಂದ ವಿವರಿಸಿದ ಸುಣ್ಣದ ಪದರಗಳನ್ನು ಕೆರೆದು ಎಸೆಯುತ್ತಿದ್ದರು. 20ನೆಯ ಶತಮಾನದಲ್ಲಿ ಹಾಗೆ ಎತ್ತಿದ ಮೊಸಾಯಿಕ್‌ನ ಬೆನ್ನಿಗೆ ಕಬ್ಬಿಣದ ಸರಳು ಹಾಕಿದ ಸಿಮೆಂಟ್ ಕಾಂಕ್ರೀಟ್ ಸುರಿಯುವುದು ಸಾಮಾನ್ಯವಾಯಿತು. ಸ್ಥಳದಲ್ಲೇ ಉಳಿಸಿದ ನೆಲಗಳ ಸಂದುಗಳಿಗೂ ಒಡೆದ ಅಂಚುಗಳಿಗೂ ಸಿಮೆಂಟ್ ಮೆತ್ತಿದರು. ಯಾರೂ ಕೆಡಿಸಬೇಕೆಂದು ಮಾಡಿದ ಕೆಲಸವಲ್ಲ ಇದು. ಕೈಗೆ ಸಿಗುವ ಅತ್ಯಂತ ಗಟ್ಟಿ ವಸ್ತು ಅತ್ಯಂತ ಸುರಕ್ಷಿತ ಎಂಬುದು ಸಹಜ ತರ್ಕವಾಗಿತ್ತು.

ಆ ತರ್ಕ ಮೂರು ಕಡೆ ಸೋತಿತು. ಮೊದಲನೆಯದು ನೀರಿನ ದಾರಿ. ನೆಲದ ತೇವ ಮೇಲೇರಿ ಎಲ್ಲಾದರೂ ಆವಿಯಾಗಲೇಬೇಕು. ಸಂದಿನಲ್ಲಿ ಸುಣ್ಣದ ಗಾರೆ ಇದ್ದರೆ ಅದರ ಸಣ್ಣ ರಂಧ್ರಗಳ ಮೂಲಕ ಹೊರಹೋಗುತ್ತದೆ. ನೀರಿನೊಂದಿಗೆ ಬಂದ ಲವಣಗಳು ಅಲ್ಲೇ ಹರಳುಗಟ್ಟಿ ಗಾರೆಯನ್ನು ಪುಡಿಮಾಡುತ್ತವೆ, ಕಲ್ಲು ಉಳಿಯುತ್ತದೆ. ಸಂದಿಗೆ ಬಿಗಿಯಾದ ಸಿಮೆಂಟ್ ತುಂಬಿದರೆ ತೇವಕ್ಕೆ ಉಳಿಯುವ ದಾರಿ ಕಲ್ಲಿನ ಮೂಲಕ ಮಾತ್ರ. ಆಗ ಲವಣ ಕಲ್ಲಿನೊಳಗೆ ಹರಳುಗಟ್ಟಿ, ಕಲ್ಲು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಕೆಲವು ಕಡೆ ಸಿಮೆಂಟ್ ಗೆರೆಗಳು ಜೇನುಗೂಡಿನಂತೆ ಎದ್ದು ನಿಂತು, ನಡುವಿನ ಕಲ್ಲು ಕರಗಿಹೋದ ಹಳ್ಳಗಳು ಉಳಿಯುತ್ತವೆ. ಎರಡನೆಯದು, ಸಿಮೆಂಟಿನಲ್ಲೇ ನೀರಿನಲ್ಲಿ ಕರಗುವ ಲವಣಗಳಿರುತ್ತವೆ. ಹೊರಗಿನ ಲವಣಕ್ಕೆ ಅದು ತನ್ನದನ್ನೂ ಸೇರಿಸುತ್ತದೆ. ಮೂರನೆಯದು ಕಬ್ಬಿಣ. ಒಳಗಿನ ಸರಳು ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬಿ, ಕಾಂಕ್ರೀಟನ್ನು ಸೀಳಿ, ಮೇಲಿನ ಮೊಸಾಯಿಕ್ಕನ್ನೂ ಸೀಳುತ್ತದೆ. ಇಂಥ ಹಲಗೆಗಳು ಭಾರೀ ತೂಕದವು, ಕಲ್ಲಿಗೆ ಪೆಟ್ಟಾಗದಂತೆ ಸಿಮೆಂಟನ್ನು ಬಿಡಿಸುವುದು ಬಹಳ ಕಷ್ಟ. ಮೆದು ಗಾರೆಯನ್ನು ತೆಗೆದು ಮತ್ತೆ ತುಂಬಬಹುದು. ಕಲ್ಲಿಗಿಂತ ಗಟ್ಟಿಯಾದದ್ದನ್ನು ತೆಗೆಯಹೋದರೆ ಮೊದಲು ಒಡೆಯುವುದು ಕಲ್ಲೇ.

ಹಾಸನ್ನು ಕಳೆದುಕೊಂಡ ನೆಲದ ಪಾಡು ಏನೆಂಬುದಕ್ಕೆ ಪೊಂಪೆಯ ಅಲೆಗ್ಸಾಂಡರ್ ಮೊಸಾಯಿಕ್ ಒಂದು ಉದಾಹರಣೆ. 1831ರಲ್ಲಿ ‘ಫಾನ್ ಮನೆ’ಯಲ್ಲಿ ಸಿಕ್ಕ, ಹತ್ತು ಲಕ್ಷಕ್ಕೂ ಮಿಕ್ಕಿದ ಚೂರುಗಳ ಈ ನೆಲವನ್ನು 1843ರಲ್ಲಿ ನೇಪಲ್ಸ್‌ಗೆ ಸಾಗಿಸಿದರು. ಮುಂದೆ ಅದನ್ನು ಗೋಡೆಯ ಮೇಲೆ ನಿಲ್ಲಿಸಲಾಯಿತು. ಮಲಗಿರಬೇಕೆಂದು ಮಾಡಿದ್ದು ನಿಂತುಕೊಂಡಿತು. ಚೂರುಗಳು ಸಡಿಲಗೊಂಡು, ಮೇಲ್ಮೈ ಅಲ್ಲಲ್ಲಿ ಉಬ್ಬಿದ್ದರಿಂದ 2020ರ ದಶಕದ ಆರಂಭದಲ್ಲಿ ಅದರ ದೊಡ್ಡ ದುರಸ್ತಿಯನ್ನು ಕೈಗೆತ್ತಿಕೊಳ್ಳಬೇಕಾಯಿತು.

1977ರಲ್ಲಿ ರೋಮ್‌ನಲ್ಲಿ ಸೇರಿದ ತಜ್ಞರು ಮೊಸಾಯಿಕ್ ಸಂರಕ್ಷಣೆಗಾಗಿಯೇ ಒಂದು ಅಂತರರಾಷ್ಟ್ರೀಯ ಸಮಿತಿ ಕಟ್ಟಿಕೊಂಡರು. ಮುಂದಿನ ದಶಕಗಳಲ್ಲಿ ನಿಲುವು ನಿಧಾನವಾಗಿ ತಿರುಗಿತು. ಸಾಧ್ಯವಾದರೆ ನೆಲವನ್ನು ಕೀಳಬಾರದು, ಇದ್ದಲ್ಲೇ ಉಳಿಸಬೇಕು, ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಟ್ಯುನೀಷಿಯಾದ ಬುಲ್ಲಾ ರೆಜಿಯಾದಂಥ ಸ್ಥಳಗಳಲ್ಲಿ ಗೆಟ್ಟಿ ಸಂರಕ್ಷಣಾ ಸಂಸ್ಥೆ ಅಲ್ಲಿನ ಇಲಾಖೆಯೊಂದಿಗೆ ಸೇರಿ ಸ್ಥಳೀಯ ಕೆಲಸಗಾರರಿಗೆ ಈ ಕೆಲಸ ಕಲಿಸಿತು. ಅದು ನೋಡಲು ದೊಡ್ಡ ವಿಜ್ಞಾನವೆಂದು ತೋರುವುದಿಲ್ಲ. ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗುವುದು, ಎಲ್ಲಿ ಟೊಳ್ಳು ಸದ್ದು ಬರುತ್ತದೋ ಅಲ್ಲಿ ಗುರುತು ಹಾಕುವುದು, ಸಂದಿನ ಒಂದು ಸಣ್ಣ ತೂತಿನಿಂದ ಮೊದಲು ನೀರು, ಆಮೇಲೆ ಸೋಸಿದ ಸುಣ್ಣ ಮತ್ತು ಇಟ್ಟಿಗೆ ಪುಡಿಯಂಥವುಗಳ ತೆಳು ಗಾರೆಯನ್ನು ಸಿರಿಂಜಿನಿಂದ ಇಳಿಸುವುದು, ಕೊನೆಗೆ ಹಳೆಯ ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ, ಸಂದನ್ನು ಸುಣ್ಣ-ಮರಳಿನಿಂದ ತುಂಬಿ, ಒದ್ದೆ ಬಟ್ಟೆ ಮುಚ್ಚಿ ನಿಧಾನವಾಗಿ ಒಣಗಿಸುವುದು. ಎರಡು ಸಾವಿರ ವರ್ಷದ ಹಿಂದಿನ ಪಾಕವೇ ಮರಳಿ ಬಂದಿತ್ತು.

ಯಾವ ಸಂದಿಗೆ ಯಾವ ಗಾರೆ

ಇದರಿಂದ ಸಿಮೆಂಟ್ ಕೆಟ್ಟದ್ದು, ಸುಣ್ಣ ಒಳ್ಳೆಯದು ಎಂದು ತೀರ್ಮಾನಿಸಿದರೆ ತಪ್ಪಾದೀತು. ಬಾಲಕೃಷ್ಣ ದೋಶಿ ಅಹಮದಾಬಾದಿನಲ್ಲಿ 1980ರ ಹೊತ್ತಿಗೆ ಕಟ್ಟಿಕೊಂಡ ‘ಸಂಗಾತ್’ ಕಚೇರಿಯ ಕಮಾನು ಚಾವಣಿಗಳಿಗೂ, ಚಿತ್ರಕಾರ ಎಂ.ಎಫ್. ಹುಸೇನ್‌ಗಾಗಿ ಅದೇ ನಗರದಲ್ಲಿ ಕಟ್ಟಿದ ನೆಲದಡಿಯ ಗುಹೆಯ ಗುಮ್ಮಟಗಳಿಗೂ ಹೊದಿಸಿರುವುದು ಒಡೆದ ಟೈಲುಗಳ ಚೈನಾ ಮೊಸಾಯಿಕ್. ಬಿಳಿ ಹೊಳಪಿನ ಚೂರುಗಳು ಗುಜರಾತಿನ ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ವರ್ಷಗಟ್ಟಲೆ ಗುಟ್ಟಾಗಿ ಕಟ್ಟಿ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ನಿನ ಬೊಂಬೆಗಳ ಮೈಗೆ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಹಿಡಿದಿರುವುದು ಸಿಮೆಂಟೇ. ಮೆರುಗು ಹಚ್ಚಿ ಸುಟ್ಟ ಪಿಂಗಾಣಿಯ ಮುಖ ರೋಮನ್ ಸುಣ್ಣಕಲ್ಲಿನಂತೆ ನೀರು ಕುಡಿಯುವುದಿಲ್ಲ. ಅದಕ್ಕೆ ಸಿಮೆಂಟ್ ಶತ್ರುವಲ್ಲ. ನೋಡಬೇಕಾದದ್ದು ಗಾರೆ ಒಂದನ್ನೇ ಅಲ್ಲ, ಗಾರೆ ಮತ್ತು ಚೂರುಗಳ ಜೋಡಿಯನ್ನು.

ಈ ಜೋಡಿಯ ಲೆಕ್ಕ ಗೊತ್ತಿದ್ದರೆ ಇಂದಿನ ಅಂಗಡಿಯ ಆಯ್ಕೆಗಳೂ ಅರ್ಥವಾಗುತ್ತವೆ. ಸಿಮೆಂಟ್ ಒಣಗುವಾಗ ಕುಗ್ಗುತ್ತದೆ. 3 ಮಿಲಿಮೀಟರ್‌ಗಿಂತ ಅಗಲವಾದ ಸಂದಿಗೆ ಬರಿಯ ಸಿಮೆಂಟ್ ತುಂಬಿದರೆ ಬಿರುಕು ಖಂಡಿತ. ಅಲ್ಲಿ ಮರಳು ಬೆರೆತದ್ದು ಬೇಕು. ಕಿರಿದಾದ ಸಂದಿಗೆ ಮರಳು ಇಳಿಯುವುದಿಲ್ಲ, ಗಾಜಿನ ಮುಖಕ್ಕೆ ಗೀರು ಹಾಕುತ್ತದೆ. ಅಲ್ಲಿ ಮರಳಿಲ್ಲದ ನುಣುಪಿನದೇ ಸರಿ. 20ನೆಯ ಶತಮಾನದ ನಡುಭಾಗದಿಂದ ಸಿಮೆಂಟಿಗೆ ಲೇಟೆಕ್ಸ್‌ನಂಥ ಪಾಲಿಮರ್‌ಗಳನ್ನು ಸೇರಿಸುವ ರೂಢಿ ಬಂದು ಅದರ ಹಿಡಿತವೂ ಬಳುಕುವ ಗುಣವೂ ಹೆಚ್ಚಿದವು. 1930-40ರ ದಶಕಗಳಲ್ಲಿ ಹುಟ್ಟಿದ ಇಪಾಕ್ಸಿ ರಾಳಗಳಿಂದ ಮಾಡಿದ ಗ್ರೌಟ್ ನೀರನ್ನೂ ಕಲೆಯನ್ನೂ ಒಳಗೆ ಬಿಡುವುದಿಲ್ಲ. ಈಜುಕೊಳ, ಅಡುಗೆಕಟ್ಟೆಗಳಿಗೆ ಅದು ತಕ್ಕದ್ದು. ಆದರೆ ಅದಕ್ಕೆ ಉಸಿರೇ ಇಲ್ಲ. ನೀರು ಕುಡಿಯುವ ಹಳೆಯ ಕಲ್ಲಿನ ನಡುವೆ ಹಾಕಿದರೆ ಸಿಮೆಂಟ್ ಮಾಡಿದ ಕೆಡುಕನ್ನೇ ಇನ್ನೂ ಬಿಗಿಯಾಗಿ ಮಾಡುತ್ತದೆ. ಬಿಗಿದ ಮೇಲೆ ಒರೆಸಲೂ ಬರುವುದಿಲ್ಲ.

ಹಚ್ಚುವ ಕ್ರಮದಲ್ಲಿಯೂ ಹಳೆಯ ಬುದ್ಧಿಯೇ ಇದೆ. ನೀರು ಹೆಚ್ಚು ಹಾಕಿದರೆ ಹರಡುವುದು ಸುಲಭ, ಆದರೆ ಆವಿಯಾದ ನೀರಿನ ಜಾಗದಲ್ಲಿ ತೂತು ಉಳಿದು ಗಾರೆ ಬಲಹೀನವಾಗುತ್ತದೆ. ಹಸಿ ಸಿಮೆಂಟಿನೊಳಗಿನ ಸುಣ್ಣ ಕರಗಿ ಮೇಲೆ ಬಂದು ಬಿಳಿ ಪೊರೆ ಕಟ್ಟುವುದೂ ಹೆಚ್ಚು. ಹೀರುವ ಕಲ್ಲಾದರೆ ಸಂದನ್ನು ಮೊದಲು ಒದ್ದೆ ಮಾಡಬೇಕು, ಇಲ್ಲವಾದರೆ ಕಲ್ಲು ಗಾರೆಯ ನೀರನ್ನು ಕದಿಯುತ್ತದೆ. ರಬ್ಬರ್ ಹಲಗೆಯನ್ನು ಸಂದಿಗೆ ಓರೆಯಾಗಿ ಎಳೆಯಬೇಕು, ನೇರ ಎಳೆದರೆ ತುಂಬಿದ್ದೇ ಕಿತ್ತುಬರುತ್ತದೆ. ಒರೆಸುವ ಹೊತ್ತು ಕೈಗೆ ಗೊತ್ತಾಗಬೇಕು. ಬೇಗ ಒರೆಸಿದರೆ ಸಂದು ಗುಳಿ ಬೀಳುತ್ತದೆ, ತಡವಾದರೆ ಚೂರಿನ ಮೇಲಿನ ಮಬ್ಬು ಹೋಗುವುದಿಲ್ಲ. ಆ ಮಬ್ಬನ್ನು ಕಳೆಯಲು ಆಸಿಡ್ ಸುರಿಯುವ ದುರಭ್ಯಾಸ ಎಷ್ಟೋ ಕಡೆ ಇದೆ. ಅಮೃತಶಿಲೆಯೂ ಸುಣ್ಣವೂ ಆಸಿಡ್‌ಗೆ ಕರಗುವ ವಸ್ತುಗಳು, ಸಿಮೆಂಟಿನ ಸಂದೂ ಅದಕ್ಕೆ ಸವೆಯುತ್ತದೆ. ಕೊನೆಗೆ ಕೆಲವು ದಿನ ಒದ್ದೆಯಾಗಿಡುವುದು. ಬಿಸಿಲಿನ ತಾರಸಿಯ ಮೇಲೆ ಬಹಳ ಮಂದಿ ಬಿಟ್ಟುಬಿಡುವುದು ಇದನ್ನೇ.

ತಾರಸಿಯ ಮೇಲೆ ಕುಳಿತ ಆ ಮುಂಬೈಯ ಗಾರೆಯವನು ಸಂಜೆ ಹೊತ್ತಿಗೆ ತಾನು ತುಂಬಿದ ಸಂದುಗಳ ಮೇಲೆ ಒದ್ದೆ ಗೋಣಿಚೀಲ ಹಾಸಿ ಕೆಳಗಿಳಿಯುತ್ತಾನೆ. ನಾಲ್ಕಾರು ದಿನ ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ ಎಂದು ಮನೆಯವರಿಗೆ ಹೇಳಿ ಹೋಗುತ್ತಾನೆ. ಮುಂದಿನ ಮಳೆಗಾಲಗಳಲ್ಲಿ ಆ ಸಂದು ಮತ್ತೆ ಅಲ್ಲಲ್ಲಿ ಬಿರಿಯುತ್ತದೆ, ಮತ್ತೆ ಒಂದು ಮೇ ತಿಂಗಳಲ್ಲಿ ಯಾರೋ ಬಂದು ತುಂಬುತ್ತಾರೆ. ಒಂದು ಚೀಲ ಬಿಳಿ ಸಿಮೆಂಟು, ಒಂದೆರಡು ದಿನದ ಕೂಲಿ. ಚೂರುಗಳು ಮಾತ್ರ ಅವೇ ಇರುತ್ತವೆ.